ಅಪ್ಪು ಕಣ್ಣು, ಅಭಿಮಾನಿಗಳ ಸಹಿ

ಅಭಿಮಾನ ಅಂದ್ರೆ ಕಟೌಟ್, ಹಾಲಿನ ಅಭಿಷೇಕ, ಮೊದಲ ದಿನದ ಮೊದಲ ಶೋ ಅಷ್ಟೇ ಅಂದುಕೊಂಡವರು 2021ರ ಅಕ್ಟೋಬರ್ 29ರ ನಂತರದ ದಿನಗಳನ್ನು ನೆನಪಿಸಿಕೊಳ್ಳಬೇಕು. ನಟ ಪುನೀತ್ ರಾಜ್‌ಕುಮಾರ್, ಅಭಿಮಾನಿಗಳ ಅಪ್ಪು, ತೀರಿಕೊಂಡ ದಿನವೇ ಮನೆಯವರು ಅವರ ಕಣ್ಣು ದಾನ ಮಾಡಿದರು. 2006ರಲ್ಲಿ ಅವರ ತಂದೆ, ಅಣ್ಣಾವ್ರು ಡಾ. ರಾಜ್‌ಕುಮಾರ್ ಹೋದಾಗಲೂ ಹಾಗೇ ಆಗಿತ್ತು. ನಾರಾಯಣ ನೇತ್ರಾಲಯದ ವೈದ್ಯರು ಅಪ್ಪು ಅವರ ಒಂದೊಂದು ಕಾರ್ನಿಯಾವನ್ನೂ ಮುಂದಿನ ಪದರ, ಹಿಂದಿನ ಪದರ ಅಂತ ಬೇರ್ಪಡಿಸಿ ಕಸಿ ಮಾಡಿದರು. ಎರಡು ಕಣ್ಣಿಂದ ನಾಲ್ಕು ಜನಕ್ಕೆ ಬೆಳಕು!

ಆಮೇಲೆ ಅಭಿಮಾನಿಗಳು ನೇತ್ರದಾನದ ಫಾರಂ ತುಂಬೋಕೆ ತಾವಾಗಿಯೇ ಮುಂದೆ ಬಂದರು. ಹಾರ ಹಾಕಿದ ಫೋಟೋ, ಪಕ್ಕದಲ್ಲೇ ಒಂದು ಮೇಜು, ಪೆನ್ನು, ಫಾರಂ ಕಟ್ಟು. ಇದಕ್ಕಿಂತ ದೊಡ್ಡ ಅಭಿಮಾನ ನನಗೆ ಗೊತ್ತಿಲ್ಲ. (ಹಾಲು ಸುರಿಯೋರನ್ನು ಬೈಯೋದು ಸುಲಭ, ರಕ್ತದಾನ ಶಿಬಿರದಲ್ಲಿ ಸಾಲು ನಿಲ್ಲೋರೂ ಎಷ್ಟೋ ಸಲ ಅದೇ ಹುಡುಗರು.)

ಆದರೆ ಬರೀ ಸಹಿ ಸಾಲದು, ಮನೆಯವರಿಗೆ ಗೊತ್ತಿರಬೇಕು. ಉಸಿರು ನಿಂತ ಮೇಲೆ ಸುಮಾರು ಆರು ಗಂಟೆಯೊಳಗೆ ಕಣ್ಣು ತೆಗೆಯಬೇಕು. ಒಪ್ಪಿಗೆ ಕೊಡಬೇಕಾದವರು, ನೇತ್ರ ಬ್ಯಾಂಕಿಗೆ ಫೋನ್ ಮಾಡಬೇಕಾದವರು ಮನೆಯವರೇ. ತಂಡ ಬರುವವರೆಗೆ ರೆಪ್ಪೆ ಮುಚ್ಚಿ, ಮೇಲೆ ಒದ್ದೆ ಹತ್ತಿ ಇಟ್ಟು, ಫ್ಯಾನ್ ಆರಿಸಿ, ತಲೆದಿಂಬಿನಿಂದ ತಲೆ ಸ್ವಲ್ಪ ಎತ್ತರಿಸಬೇಕು.

ಅವತ್ತು ಫಾರಂ ತುಂಬಿದವರು ಇವತ್ತು ರಾತ್ರಿ ಊಟಕ್ಕೆ ಕೂತಾಗ ಈ ಮಾತು ಎತ್ತಿ. "ಬಿಡ್ತು ಅನ್ನು" ಅಂತ ಅಮ್ಮ ಗದರಿದರೆ ಅಪ್ಪು ಹೆಸರು ಹೇಳಿ.