ಸವೆದ ಹಲ್ಲಿಗೆ ಪಿಂಗಾಣಿಯ ಆಸರೆ

ಅರಸೀಕೆರೆಯಲ್ಲಿ ಮನೆಯಿದ್ದವರಿಗೆ, ಬಂದ ನೆಂಟರನ್ನು ಬೇಲೂರು ಹಳೇಬೀಡುಗಳಿಗೆ ಕರೆದೊಯ್ಯುವುದೂ ಆತಿಥ್ಯದ ಒಂದು ಅಂಗವೇ. ನಾವೂ ಎಷ್ಟೋ ಬಾರಿ ಹೋಗಿ ಬಂದಿದ್ದೇವೆ. ಆದರೆ ಒಮ್ಮೆ ಹೊಯ್ಸಳೇಶ್ವರನ ಗುಡಿಯ ಮುಂದೆ ನಿಂತಾಗ ನಮ್ಮ ಮನಸ್ಸು ಶಿಲ್ಪದಲ್ಲಿರಲಿಲ್ಲ, ಹಲ್ಲಿನಲ್ಲಿತ್ತು.

ಓದುಗರಿಗೆ ನಗು ಬಂದೀತು. ಅರವತ್ತು ದಾಟುವ ಹೊತ್ತಿಗೆ ನಮ್ಮ ಮುಂಹಲ್ಲುಗಳು ಅರ್ಧದಷ್ಟು ಸವೆದಿದ್ದವು. ಹುಳುಕಿರಲಿಲ್ಲ, ಅಲುಗುತ್ತಿರಲಿಲ್ಲ, ವರ್ಷದಿಂದ ವರ್ಷಕ್ಕೆ ಗಿಡ್ಡವಾಗುತ್ತ ಬಂದಿದ್ದವು. ತಣ್ಣೀರು ಕುಡಿದರೆ ಜುಮ್ಮೆನ್ನುತ್ತಿದ್ದುದನ್ನು ಹೇಗೋ ಸಹಿಸಬಹುದಿತ್ತು. ಸೋಮವಾರ ಸಂಜೆ ನೆರೆಹೊರೆಯವರೊಡನೆ ಕುಳಿತು ವಚನ ಓದುವುದು ನಮ್ಮ ರೂಢಿ. ‘ಶ’ಕಾರ ‘ಸ’ಕಾರಗಳಲ್ಲಿ ಗಾಳಿ ಸೋರತೊಡಗಿ, ಶಿವನ ಹೆಸರೇ ಬಾಯಲ್ಲಿ ನೆಟ್ಟಗೆ ನಿಲ್ಲದಾದಾಗ, ಓದುವುದನ್ನು ಬಿಟ್ಟು ಕೇಳುವವರ ಸಾಲಿಗೆ ಸರಿದೆವು.

ಮೊದಲು ಕಂಡ ವೈದ್ಯರು ಎಲ್ಲವನ್ನೂ ಕಿತ್ತು ಕಟ್ಟಿಸಿಕೊಳ್ಳುವುದೇ ಲೇಸೆಂದರು. ಇನ್ನೊಬ್ಬರು ಎಲ್ಲವನ್ನೂ ಅರೆದು ಕ್ಯಾಪು ತೊಡಿಸೋಣವೆಂದರು. ಈ ಎರಡು ಮಾತುಗಳ ನಡುವೆ ತೂಗಾಡುತ್ತಿದ್ದಾಗಲೇ ನಾವು ಹಳೇಬೀಡಿಗೆ ಹೋದದ್ದು. ಹನ್ನೆರಡನೆಯ ಶತಮಾನದ ಆ ಗೋಡೆಗಳಲ್ಲಿ ಮೂಗು ಮುರಿದ, ಕೈ ಕಳೆದುಕೊಂಡ ಮೂರ್ತಿಗಳು ಎಷ್ಟೋ ಇವೆ. ಹೊಸ ಮೂಗನ್ನು ಕೂರಿಸಲೆಂದು ಹಳೆಯ ಮುಖವನ್ನು ಯಾರೂ ಕೆತ್ತಿ ತೆಗೆದಿಲ್ಲ. ಪುರಾತತ್ತ್ವ ಇಲಾಖೆಗಾಗಿ ಜಾನ್ ಮಾರ್ಷಲ್ ಬರೆದು 1923ರಲ್ಲಿ ಹೊರಬಂದ ಸಂರಕ್ಷಣಾ ಕೈಪಿಡಿಯ ಸಾರವೂ ಇದೇ: ಉಳಿದಿರುವ ಮೂಲವನ್ನು ಕಾಯುವುದು ಮೊದಲ ಕರ್ತವ್ಯ. ಕಲ್ಲಿಗೆ ಸಲ್ಲುವ ಈ ಮರ್ಯಾದೆ ನಮ್ಮ ಹಲ್ಲಿಗೇಕೆ ಸಲ್ಲಬಾರದೆನ್ನಿಸಿತು.

ಅದೇ ಪ್ರಶ್ನೆಯನ್ನು ಹೊತ್ತು ಮೂರನೆಯ ವೈದ್ಯರಲ್ಲಿಗೆ ಹೋದೆವು. ಅವರು ಹಲ್ಲಿಗಿಂತ ಮೊದಲು ನಮ್ಮ ಬದುಕನ್ನು ವಿಚಾರಿಸಿದರು. ಬಾಲ್ಯದಲ್ಲಿ ಇದ್ದಿಲು, ಇಟ್ಟಿಗೆ ಪುಡಿಗಳಿಂದ ಉಜ್ಜಿದ್ದು, ನಲವತ್ತು ವರ್ಷ ಅಡಿಕೆ ಜಗಿದದ್ದು, ಹುಳಿತೇಗು, ನಿದ್ದೆಯಲ್ಲಿ ಹಲ್ಲು ಮಸೆಯುವುದು, ಎಲ್ಲವೂ ಹೊರಬಂದವು. ದೇಹದಲ್ಲೆಲ್ಲ ಅತ್ಯಂತ ಗಟ್ಟಿಯಾದದ್ದು ಹಲ್ಲಿನ ಹೊರಪದರವಾದ ಎನಾಮಲ್. ಆದರೆ ಹೋದ ಎನಾಮಲ್ ಮರಳಿ ಬೆಳೆಯದು. ಅದರ ಕೆಳಗಿನ ಡೆಂಟಿನ್ ಮೆದುವಾದುದರಿಂದ ಬೇಗ ಸವೆಯುತ್ತದೆ. ಮುಂಹಲ್ಲಿಗೆ ಪೂರ್ಣ ಕ್ಯಾಪು ಹಾಕಬೇಕಾದರೆ ಕಾಣುವ ಭಾಗದಲ್ಲಿ ಶೇಕಡ 60ಕ್ಕೂ ಹೆಚ್ಚನ್ನು ಅರೆಯಬೇಕಾಗುತ್ತದೆಯಂತೆ. ಮೊದಲೇ ಸವೆದ ಹಲ್ಲನ್ನು ಮತ್ತೆ ಸವೆಸುವುದೆಂದರೆ ಬಡವನಿಗೆ ದಂಡ ಹಾಕಿದಂತೆ.

ಇದಕ್ಕೆ ಬದಲಾಗಿ, ಹೋದಷ್ಟನ್ನು ಮಾತ್ರ ತುಂಬುವ ತೆಳುವಾದ ಪಿಂಗಾಣಿಯ ಹೊದಿಕೆಯನ್ನು ಉಳಿದ ಹಲ್ಲಿಗೆ ಅಂಟಿಸಬಹುದು. ಫಾಸ್ಫರಿಕ್ ಆಮ್ಲ ಸವರಿದರೆ ಎನಾಮಲ್ಲಿನಲ್ಲಿ ಕಣ್ಣಿಗೆ ಕಾಣದ ರಂಧ್ರಗಳೇಳುತ್ತವೆ, ಅಂಟು ಅಲ್ಲಿ ಬೇರುಬಿಡುತ್ತದೆ. 1955ರಲ್ಲಿ ಅಮೆರಿಕದ ಬ್ಯೂನಕೋರ್ ಇದನ್ನು ತೋರಿಸಿಕೊಟ್ಟರು. ಪಿಂಗಾಣಿಯ ಒಳಮೈಯನ್ನೂ ಹಾಗೆಯೇ ಒರಟುಗೊಳಿಸಿ ಅಂಟಿಸುವ ಕ್ರಮ 1980ರ ದಶಕದಲ್ಲಿ ರೂಢಿಗೆ ಬಂದಿತು.

ವೈದ್ಯರು ಅವಸರಪಡಲಿಲ್ಲ. ಮೊದಲು ರಾಳದಂತಹ ವಸ್ತುವಿನಿಂದ ಹಲ್ಲುಗಳನ್ನು ತಾತ್ಕಾಲಿಕವಾಗಿ ಎತ್ತರಿಸಿ, ಹೊಸ ಕಚ್ಚುವಿಕೆ ದವಡೆಗೆ ಒಗ್ಗುವುದೇ ಎಂದು ಕೆಲವು ವಾರ ನೋಡಿದರು. ಆಮೇಲೆ ಪಿಂಗಾಣಿ. ಅದು ಬಿರುಕು ಬಿಡದಂತೆ ರಾತ್ರಿ ತೊಡಲು ಕವಚವೊಂದನ್ನೂ ಕೊಟ್ಟರು. ಅಡಿಕೆ ಬಿಡಿಸಿದರು, ಇದೇ ಎಲ್ಲಕ್ಕಿಂತ ಕಷ್ಟವಾಯಿತು. ಖರ್ಚು ಕಟ್ಟಿಸಿದ ಹಲ್ಲಿಗಿಂತ ಹೆಚ್ಚು, ತಿರುಗಾಟವೂ ಹೆಚ್ಚು. ಎನಾಮಲ್ ತೀರ ಕಡಿಮೆ ಉಳಿದವರಿಗೂ ವಸಡಿನ ರೋಗವಿದ್ದವರಿಗೂ ಇದು ನೇರವಾಗಿ ಒಗ್ಗದು ಎಂಬುದನ್ನೂ ಮುಚ್ಚಿಡಬಾರದು.

ಶರೀರವನ್ನೇ ದೇವಾಲಯವಾಗಿ ಕಂಡ ಶರಣರ ಮಕ್ಕಳು ನಾವು. ಆ ಆಲಯದ ಹೊಸ್ತಿಲಾದ ಬಾಯಿಯನ್ನು ಮಾತ್ರ ನೋವು ಬರುವವರೆಗೆ ಮರೆತೇ ಇರುತ್ತೇವೆ. ಮನೆಯ ಹಿರಿಯರ ಹಲ್ಲು ಗಿಡ್ಡವಾಗುತ್ತಿದ್ದರೆ ಅದು ವಯಸ್ಸಿನ ಸಹಜಧರ್ಮವೆಂದು ಸುಮ್ಮನಿರಬೇಡಿ. ದಾವಣಗೆರೆಯಲ್ಲಿ 1979ರಿಂದ ಬಾಪೂಜಿ ದಂತ ಕಾಲೇಜು, ಮೈಸೂರಿನಲ್ಲಿ 1986ರಿಂದ ಸುತ್ತೂರು ಮಠದ ಆಶ್ರಯದ ಜೆಎಸ್‌ಎಸ್ ದಂತ ಕಾಲೇಜು ಇವೆ. ಎಲ್ಲಿಗೇ ಹೋಗಿ, ಏನು ಹಾಕುತ್ತೀರಿ ಎನ್ನುವುದಕ್ಕೆ ಮೊದಲು ಎಷ್ಟನ್ನು ತೆಗೆಯುತ್ತೀರಿ ಎಂದು ಕೇಳಿ.

ಕಳೆದ ಸೋಮವಾರ ವಚನದ ಪುಸ್ತಕ ಮತ್ತೆ ನಮ್ಮ ಕೈಗೆ ಬಂದಿತು. ಮೊದಲ ಸಾಲಿನಲ್ಲೇ ‘ಶಿವ’ ಎಂಬ ಶಬ್ದವಿತ್ತು. ಸ್ವಲ್ಪ ಅಳುಕಿನಿಂದಲೇ ಓದಿದೆವು. ಗಾಳಿ ಸೋರಲಿಲ್ಲ.