ಹಂಡೆ ಇಲ್ಲದ ಬಿಸಿನೀರು

ಪ್ರೆಸ್ಟನ್ನಿನ ನಮ್ಮ ಸಾಲುಮನೆಯಲ್ಲಿ ಬಾಯ್ಲರ್ ಎಲ್ಲಿದೆ ಎಂಬುದು ತೋರಿಸಿಕೊಟ್ಟ ಹೊರತು ಯಾರಿಗೂ ಗೊತ್ತಾಗುತ್ತಿರಲಿಲ್ಲ. ಹಜಾರದಲ್ಲಿ, ಹಿಂದೊಮ್ಮೆ ಕಲ್ಲಿದ್ದಲು ಉರಿಯುತ್ತಿದ್ದ ಜಾಗದಲ್ಲಿ, ಗ್ಯಾಸಿನ ಬೆಂಕಿಗೂಡು. ಅದರ ಬೆನ್ನಿಗೆ, ಚಿಮಣಿಯ ಬುಡದೊಳಗೆ ಅಡಗಿ ಕೂತ ಕಬ್ಬಿಣದ ಪೆಟ್ಟಿಗೆಯೇ ಬಾಯ್ಲರ್. ಇಲ್ಲಿನವರು ಬ್ಯಾಕ್ ಬಾಯ್ಲರ್ ಅನ್ನುತ್ತಾರೆ. ಮುಂದೆ ಕೂತವರ ಕೈಕಾಲು ಕಾಯಿಸುವುದು ಬೆಂಕಿಗೂಡಿನ ಪಾಲು. ಇಡೀ ಮನೆಯ ರೇಡಿಯೇಟರುಗಳಿಗೂ ಸ್ನಾನದ ನೀರಿಗೂ ಕಾವು ಕೊಡುವುದು ಹಿಂದಿನ ಪೆಟ್ಟಿಗೆಯ ಪಾಲು. ಒಂದು ಕಾಲಕ್ಕೆ ಬ್ರಿಟನ್ನಿನ ಎಷ್ಟೋ ಮನೆಗಳನ್ನು ಬೆಚ್ಚಗಿಟ್ಟದ್ದು ಈ ಜೋಡಿ. ಅವುಗಳಲ್ಲಿ ತುಂಬ ಹೆಸರಾದದ್ದು ಬ್ಯಾಕ್ಸಿ ಕಂಪನಿಯ ‘ಬರ್ಮುಡಾ’. 1866ರಲ್ಲಿ ಹುಟ್ಟಿದ ಆ ಕಂಪನಿಯ ಕಾರ್ಖಾನೆ ನಮ್ಮೂರ ಪಕ್ಕದ ಬ್ಯಾಂಬರ್ ಬ್ರಿಜ್‌ನಲ್ಲಿದೆ. ಮಳೆ ಬಿಡದ ಲ್ಯಾಂಕಶೈರಿನಲ್ಲಿ ಕೂತು, ಚಳಿ ಓಡಿಸುವ ಯಂತ್ರಕ್ಕೆ ಬಿಸಿಲಿನ ದ್ವೀಪದ ಹೆಸರಿಟ್ಟವರ ಮನಸ್ಸು ನನಗೆ ಅರ್ಥವಾಗುತ್ತದೆ.

ಈ ಊರಿಗೂ ಗ್ಯಾಸಿಗೂ ಹಳೆಯ ನಂಟು. ಲಂಡನ್ನಿನ ಹೊರಗೆ, ಇಂಗ್ಲೆಂಡಿನಲ್ಲಿ ಗ್ಯಾಸ್ ದೀಪದ ಬೀದಿ ಕಂಡ ಮೊದಲ ಊರು ತಮ್ಮದು ಎಂದು ಪ್ರೆಸ್ಟನ್ನಿನವರು ಹೇಳಿಕೊಳ್ಳುತ್ತಾರೆ. ಅದು 1816ರ ಮಾತು, ಅದಕ್ಕೆ ಓಡಾಡಿದವರು ಜೋಸೆಫ್ ಡನ್ ಎಂಬ ಪಾದ್ರಿ. ಆಗಿನದು ಕಲ್ಲಿದ್ದಲು ಬೇಯಿಸಿ ತೆಗೆದ ಗ್ಯಾಸು. ಉತ್ತರ ಸಮುದ್ರದಲ್ಲಿ ನೈಸರ್ಗಿಕ ಅನಿಲ ಸಿಕ್ಕಮೇಲೆ, 1967ರಿಂದ ಹತ್ತು ವರ್ಷ, ಬೀದಿಬೀದಿಗೂ ಕೆಲಸಗಾರರು ಹೋಗಿ ಪ್ರತಿ ಮನೆಯ ಒಲೆ, ಗೀಸರು, ಬೆಂಕಿಗೂಡುಗಳ ಬರ್ನರ್ ಬದಲಾಯಿಸಿದರು. ಹೊಸ ಗ್ಯಾಸಿನ ಕಾವು ಹಳೆಯದರ ಎರಡರಷ್ಟು. ಹಳೆಯ ಬರ್ನರಿಗೆ ಅದನ್ನು ಹರಿಸುವಂತಿರಲಿಲ್ಲ. ಆಮೇಲೆ 1985ರಲ್ಲಿ ನಮ್ಮ ಕಡಲ ಮಗ್ಗುಲಿನ ಮೋರ್ಕಂಬ್ ಕೊಲ್ಲಿಯಿಂದಲೂ ಗ್ಯಾಸ್ ಬಂತು. ಪಕ್ಕದ ಮನೆಯ ಅಜ್ಜಿಗೆ ಆ ಬರ್ನರ್ ಬದಲಾಯಿಸಿದ ದಿನ ಚೆನ್ನಾಗಿ ನೆನಪಿದೆ. ಹತ್ತಿಗಿರಣಿಯಲ್ಲಿ ದುಡಿದ ಜೀವ. ಅದಕ್ಕೂ ಹಿಂದೆ ಬೆಳಗ್ಗೆ ಏಳುವಾಗ ಮಲಗುವ ಕೋಣೆಯ ಕಿಟಕಿಗೆ ಒಳಗಡೆಯೇ ಹಿಮದ ಎಳೆಗಳು ಕಟ್ಟಿರುತ್ತಿದ್ದವಂತೆ. ಮನೆಗೆಲ್ಲ ಬೆಚ್ಚಗಿನ ಕೋಣೆ ಒಂದೇ. ಬಟ್ಟೆಯನ್ನು ಹಾಸಿಗೆಯೊಳಗೇ ಬದಲಾಯಿಸಿಕೊಂಡು ಕೆಳಗೆ ಓಡಿಬರುತ್ತಿದ್ದರಂತೆ. ಅವರು ಅದನ್ನು ಹೇಳುವಾಗ ಅಲ್ಲಿ ಬಡತನದ ದೂರು ಇರುವುದಿಲ್ಲ. ಮನೆ ತುಂಬ ಹರಡಿದ ಕಾವು ಎಷ್ಟು ಇತ್ತೀಚಿನದು ಎಂದು ಮಾತ್ರ ನನಗೆ ಅನಿಸುತ್ತದೆ.

ನಮ್ಮ ಮನೆಯ ಏರ್ಪಾಡಿನ ನಿಜವಾದ ಎದೆ ಬೆಂಕಿಗೂಡಲ್ಲ, ಮಹಡಿಯ ಮೇಲಿನ ಒಂದು ಸಣ್ಣ ಕಪಾಟು. ಏರಿಂಗ್ ಕಪ್‌ಬೋರ್ಡ್. ಬಾಗಿಲು ತೆರೆದರೆ ಸುಮಾರು 120 ಲೀಟರ್ ಹಿಡಿಯುವ ತಾಮ್ರದ ಸಿಲಿಂಡರ್, ಮೈಗೆ ದಪ್ಪನೆಯ ಕೆಂಪು ಕವಚ, ಸೊಂಟಕ್ಕೆ ಪಟ್ಟಿ. ಕೆಳಗಿನ ಬಾಯ್ಲರಿನಿಂದ ಬಂದ ಸುಡುನೀರು ಅದರೊಳಗಿನ ಸುರುಳಿಯಲ್ಲಿ ಸುತ್ತಿ, ತನ್ನ ಕಾವನ್ನಷ್ಟೇ ಕೊಟ್ಟು ಹಿಂದಿರುಗುತ್ತದೆ. ಅಟ್ಟದ ಮೇಲಿನ ತೊಟ್ಟಿಯಿಂದ ತಣ್ಣೀರು ಇಳಿದು ಸಿಲಿಂಡರಿನ ಬುಡ ಸೇರುತ್ತದೆ, ಬಿಸಿನೀರು ನೆತ್ತಿಯಿಂದ ನಲ್ಲಿಗೆ ಹೋಗುತ್ತದೆ. ಸಿಲಿಂಡರಿನ ಮೇಲೆ ಮರದ ಪಟ್ಟಿಗಳ ಅಡ್ಡಹಲಗೆ. ಅಲ್ಲಿ ಟವೆಲು, ಹಾಸಿಗೆಯ ಹೊದಿಕೆ, ಮಕ್ಕಳ ಶಾಲೆಯ ಬಟ್ಟೆ. ಹೊರಗೆ ಬಟ್ಟೆ ಒಣಗದ ಈ ನಾಡಿನಲ್ಲಿ ಆ ಕಪಾಟಿನಿಂದ ತೆಗೆದ ಟವೆಲಿನ ಬೆಚ್ಚನೆ ಬೇರೆ ಯಾವ ಸುಖಕ್ಕೂ ಕಡಿಮೆಯದಲ್ಲ.

ಅಮ್ಮ ತೀರ್ಥಹಳ್ಳಿಯಿಂದ ಬಂದು ನಮ್ಮಲ್ಲಿದ್ದಾಗ ಈ ಕಪಾಟನ್ನು ಕಂಡುಕೊಂಡಳು. ಕವಚದ ತುದಿ ಸರಿಸಿ ತಾಮ್ರ ಮುಟ್ಟಿ ನೋಡಿ, “ಇದು ನಮ್ಮ ಬಚ್ಚಲಿನ ಹಂಡೆಯೇ ಕಣೇ” ಅಂದಳು. ಅಂದಿನಿಂದ ಆ ಕಪಾಟು ಅವಳದಾಯಿತು. ಇಲ್ಲಿನ ಅಡುಗೆಮನೆಯಲ್ಲಿ ದೋಸೆಹಿಟ್ಟು ಎರಡು ದಿನವಾದರೂ ಹುಳಿ ಬರುವುದಿಲ್ಲ, ಜನವರಿಯಲ್ಲಂತೂ ರುಬ್ಬಿಟ್ಟ ಹಿಟ್ಟು ಕಲ್ಲಿನಂತೆ ತಣ್ಣಗೆ ಕೂತಿರುತ್ತದೆ. ಅಮ್ಮ ಪಾತ್ರೆಯನ್ನು ಸಿಲಿಂಡರಿನ ಪಕ್ಕ, ಪೈಪಿಗೆ ತಾಗದ ಹಾಗೆ, ಕೆಳಗೊಂದು ತಟ್ಟೆ ಇಟ್ಟು ಕೂರಿಸುತ್ತಿದ್ದಳು. ಬೆಳಗ್ಗೆ ಬಾಗಿಲು ತೆರೆದರೆ ಹಿಟ್ಟು ಉಬ್ಬಿ ಮುಚ್ಚಳ ಎತ್ತಿರುತ್ತಿತ್ತು. ಟವೆಲುಗಳಿಗೆಲ್ಲ ಉದ್ದಿನ ಹುಳಿವಾಸನೆ. ಹೆಪ್ಪು ಹಾಕಿದ ಹಾಲಿಗೂ ಅದೇ ಜಾಗ. ಇಂಗ್ಲೆಂಡಿನ ಹೆಂಗಸರು ಬ್ರೆಡ್ಡಿನ ಹಿಟ್ಟು ಉಬ್ಬಿಸಲು ಇದೇ ಕಪಾಟನ್ನು ಬಳಸುತ್ತ ಬಂದವರು ಎಂದು ಪಕ್ಕದ ಅಜ್ಜಿ ಹೇಳಿದಾಗ ಅಮ್ಮನಿಗೆ ಏನೂ ಆಶ್ಚರ್ಯವಾಗಲಿಲ್ಲ. ಹಿಟ್ಟಿಗೆ ಬೇಕಾದದ್ದು ಎಲ್ಲ ಕಡೆ ಒಂದೇ ಅಲ್ಲವೇ ಎಂಬಂತೆ ತಲೆಯಾಡಿಸಿದಳು.

ದೀಪಾವಳಿಯ ನೀರು ತುಂಬುವ ಹಬ್ಬದ ಸಂಜೆ ಅಮ್ಮ ಇಲ್ಲೇ ಇದ್ದಳು. ಊರಲ್ಲಾದರೆ ಬಚ್ಚಲೊಲೆ ಸಾರಿಸಿ, ಹಂಡೆ ಹುಳಿ ಹಾಕಿ ತಿಕ್ಕಿ, ಸುಣ್ಣ ಕೆಮ್ಮಣ್ಣಿನ ಪಟ್ಟೆ ಎಳೆದು, ಕೊರಳಿಗೆ ಬಳ್ಳಿ ಕಟ್ಟಿ, ಬಾವಿಯಿಂದ ನೀರು ಸೇದಿ ತುಂಬಬೇಕು. ಇಲ್ಲಿ ಅವಳು ಟವೆಲುಗಳನ್ನೆಲ್ಲ ತೆಗೆದು, ಹಲಗೆ ಒರೆಸಿ, ಸಿಲಿಂಡರಿನ ನೆತ್ತಿಯ ಮೇಲೆ ಕವಚ ಮುಚ್ಚದ ತಾಮ್ರದ ಪೈಪಿಗೆ ಅರಿಸಿನ ಕುಂಕುಮ ಹಚ್ಚಿದಳು. ಹಂಡೆ ತುಂಬಿಯೇ ಇತ್ತು. ಅಮ್ಮ ಊರಿಗೆ ಹೋದ ಮೇಲೂ ಆ ಕೆಂಪು ಚುಕ್ಕೆ ಕಾವಿಗೆ ಕಂದಿ, ಕಂದುಬಣ್ಣಕ್ಕೆ ತಿರುಗಿ, ಅಲ್ಲೇ ಅಂಟಿಕೊಂಡಿತ್ತು.

ಇಂಥದ್ದನ್ನು ತೆಗೆಸುವ ಮನಸ್ಸು ಸುಲಭಕ್ಕೆ ಬಂದದ್ದಲ್ಲ. ವರ್ಷಕ್ಕೊಮ್ಮೆ ತಪಾಸಣೆಗೆ ಬರುವ ಗ್ಯಾಸ್ ಇಂಜಿನಿಯರ್ ಬೆಂಕಿಗೂಡು ಕಳಚಿ, ಒಳಗೆ ಟಾರ್ಚು ಬಿಟ್ಟು, ಉರಿಯ ಬಣ್ಣ ನೋಡುತ್ತಿದ್ದರು. ನೀಲಿಯಿದ್ದರೆ ಸರಿ, ಹಳದಿಗೆ ತಿರುಗಿದರೆ ಕಾರ್ಬನ್ ಮೋನಾಕ್ಸೈಡಿನ ಭಯ. ಉರಿ ನೀಲಿಯಾಗಿಯೇ ಇತ್ತು, ಆದರೆ ಒಳಗಿನ ಕಬ್ಬಿಣ ತುಕ್ಕು ಹಿಡಿದಿತ್ತು, ಬಿಡಿಭಾಗಗಳಿಗೆ ಹಳೆಯ ಸಾಮಾನಿನವರನ್ನು ಹುಡುಕಬೇಕಾಗಿತ್ತು. “ಇನ್ನೊಂದು ಚಳಿಗಾಲ ದೂಡಬಹುದು. ಆದರೆ ಅದು ಕೆಡುವುದು ಕ್ರಿಸ್‌ಮಸ್ ದಿನವೇ, ನೋಡುತ್ತಿರಿ” ಎಂದರು. ಇನ್ನೊಂದು ವಿಷಯ ನನ್ನನ್ನು ಮೊದಲಿನಿಂದಲೂ ಕಾಡುತ್ತಿತ್ತು. ಇಂಥ ಬಾಯ್ಲರಿನಲ್ಲಿ ಸುಟ್ಟ ಗ್ಯಾಸಿನ ಕಾವಿನ ಕಾಲುಭಾಗಕ್ಕೂ ಹೆಚ್ಚು ಚಿಮಣಿ ಹತ್ತಿ ಆಕಾಶಕ್ಕೆ ಹೋಗುತ್ತದೆ. ಹಿಮ ಬಿದ್ದ ಬೆಳಗ್ಗೆ ನಮ್ಮ ಚಿಮಣಿಯ ಸುತ್ತ ಮಾತ್ರ ಹೆಂಚು ಒದ್ದೆಯಾಗಿ ಕಪ್ಪಗೆ ಕಾಣುತ್ತಿತ್ತು. ಅದು ನಾವು ದುಡ್ಡು ಕೊಟ್ಟು ಕೊಂಡ ಕಾವು.

ಅದರ ಬದಲಿಗೆ ನಾವು ಆರಿಸಿಕೊಂಡ ಕಾಂಬಿ ಬಾಯ್ಲರಿನ ಗುಣವೇ ಬೇರೆ. ಅದು ಏನನ್ನೂ ಕೂಡಿಡುವುದಿಲ್ಲ. ಅಡುಗೆಮನೆಯ ಗೋಡೆಯ ಮೇಲೆ ಬಟ್ಟಲು ಜೋಡಿಸುವ ಕಪಾಟಿನಷ್ಟಗಲದ ಬಿಳಿ ಪೆಟ್ಟಿಗೆ. ನಲ್ಲಿ ತಿರುಗಿಸಿದೊಡನೆ ನೀರಿನ ಓಟ ಗುರುತಿಸಿ, ಟಿಕ್ ಎಂದು ಕಿಡಿ ಹಾರಿಸಿ, ಹೋಗುವ ನೀರನ್ನು ಹೋಗುತ್ತಿದ್ದಂತೆಯೇ ಕಾಯಿಸಿ ಕಳಿಸುತ್ತದೆ. ಒಳಗೊಂದು ತಿರುವು ಕವಾಟ: ನಲ್ಲಿ ತೆರೆದಿರುವಷ್ಟು ಹೊತ್ತು ರೇಡಿಯೇಟರುಗಳನ್ನು ಬಿಟ್ಟು ಸ್ನಾನದ ನೀರಿಗೆ ಗಮನ ಕೊಡುತ್ತದೆ, ನಲ್ಲಿ ಮುಚ್ಚಿದರೆ ಮತ್ತೆ ರೇಡಿಯೇಟರಿಗೆ. ಸಿಲಿಂಡರ್ ಬೇಡ, ಅಟ್ಟದ ತೊಟ್ಟಿಗಳೂ ಬೇಡ.

ಕೆಲಸ ಮಾಡುವವರನ್ನು ನೋಡುತ್ತ ನಿಲ್ಲುವುದು ನನಗೆ ಇಷ್ಟ. ಇಂಜಿನಿಯರ್ ಜೊತೆ ಕಲಿಕೆಯ ಹುಡುಗನೊಬ್ಬ ಬಂದಿದ್ದ. ರೇಡಿಯೇಟರುಗಳಿಂದ ನೀರು ಬಸಿದಾಗ ಹೊರಬಂದದ್ದು ಮಸಿಯಂಥ ಕಪ್ಪುನೀರು. ವರ್ಷಗಟ್ಟಲೆ ಉಕ್ಕಿನ ಒಳಮೈ ತುಕ್ಕಾಗಿ ಕರಗಿದ್ದು, ಮ್ಯಾಗ್ನಟೈಟ್. ಆ ಹುಡುಗ ಜೇಬಿನಿಂದ ಅಯಸ್ಕಾಂತ ತೆಗೆದು ಬಕೆಟ್ಟಿನಲ್ಲಿ ಅದ್ದಿ ನನಗೆ ತೋರಿಸಿದ; ಕಪ್ಪು ಕೆಸರು ಮುಳ್ಳುಮುಳ್ಳಾಗಿ ಎದ್ದು ಅಂಟಿಕೊಂಡಿತು. ಅದು ಹೊಸ ಬಾಯ್ಲರಿನ ಸಣ್ಣ ಸಂದುಗಳಿಗೆ ಹೋದರೆ ಕಟ್ಟಿಕೊಳ್ಳುತ್ತದೆ ಎಂದು ಇಡೀ ಸುತ್ತನ್ನು ಯಂತ್ರ ಹಚ್ಚಿ ತೊಳೆದರು. ಮೀಟರಿನಿಂದ ಬರುವ 15 ಮಿಲಿಮೀಟರಿನ ಗ್ಯಾಸ್ ಪೈಪು ಸಾಲದೆಂದು 22 ಮಿಲಿಮೀಟರಿನದು ಎಳೆದರು. ಹಜಾರದ ಬೆಂಕಿಗೂಡಿನ ಹಿಂದಿನ ಪೆಟ್ಟಿಗೆ ಹೊರಬಂದಾಗ, ಅದರ ಹಿಂದೆ ಮಸಿ ಹಿಡಿದ ಇಟ್ಟಿಗೆಯ ಕಮಾನು ಹಾಗೇ ಗಟ್ಟಿಯಾಗಿ ನಿಂತಿತ್ತು. ಸಿಲಿಂಡರನ್ನು ಹುಡುಗ ತಬ್ಬಿಕೊಂಡು ಮೆಟ್ಟಿಲಿಳಿಸಿದ. ತಾಮ್ರಕ್ಕೆ ಗುಜರಿಯಲ್ಲಿ ಒಳ್ಳೆ ಬೆಲೆ. ಅಮ್ಮ ಕುಂಕುಮ ಹಚ್ಚಿದ್ದ ಮೊಳದುದ್ದದ ಪೈಪನ್ನು ಕತ್ತರಿಸಿಕೊಡಿ ಎಂದು ಕೇಳಿ ಇಸಿದುಕೊಂಡೆ.

2005ರಿಂದ ಇಂಗ್ಲೆಂಡ್ ಮತ್ತು ವೇಲ್ಸಿನಲ್ಲಿ ಹೊಸದಾಗಿ ಹಾಕುವ ಗ್ಯಾಸ್ ಬಾಯ್ಲರುಗಳು, ವಿಶೇಷ ಕಾರಣವಿಲ್ಲದಿದ್ದರೆ, ಕಂಡೆನ್ಸಿಂಗ್ ಜಾತಿಯವೇ ಆಗಿರಬೇಕು. ಇದರ ಹಿಂದಿನ ವಿಚಾರ ನನಗೆ ಬಹಳ ಮೆಚ್ಚು. ಗ್ಯಾಸ್ ಉರಿದಾಗ ನೀರೂ ಹುಟ್ಟುತ್ತದೆ; ಒಂದು ಘನ ಮೀಟರ್ ಗ್ಯಾಸಿಗೆ ಸುಮಾರು ಒಂದೂವರೆ ಲೀಟರ್. ಹಳೆಯ ಬಾಯ್ಲರಿನಲ್ಲಿ ಅದು ಹಬೆಯಾಗಿಯೇ ಹೊರಟುಹೋಗುತ್ತಿತ್ತು, ತನ್ನ ಕಾವಿನ ಸಮೇತ. ಹೊಸದರಲ್ಲಿ ರೇಡಿಯೇಟರುಗಳಿಂದ ಹಿಂದಿರುಗಿದ ನೀರು ಆ ಹಬೆಯನ್ನು ತಣಿಸಿ, ಹನಿಯಾಗಿಸಿ, ಹಬೆಯೊಳಗೆ ಅಡಗಿದ ಕಾವನ್ನು ಮನೆಗೆ ವಾಪಸು ತರುತ್ತದೆ. ಹನಿಗಳು ಒಂದು ಪ್ಲಾಸ್ಟಿಕ್ ಪೈಪಿನಲ್ಲಿ ಮೋರಿ ಸೇರುತ್ತವೆ. 2010ರ ಡಿಸೆಂಬರಿನ ಕಡುಚಳಿಯಲ್ಲಿ ಈ ಪೈಪು ಮನೆಯ ಹೊರಗಿದ್ದ ಕಡೆಯೆಲ್ಲ ಹೆಪ್ಪುಗಟ್ಟಿ ಬಾಯ್ಲರುಗಳು ನಿಂತವು. ಜನ ಕೆಟಲಿನಲ್ಲಿ ಬಿಸಿನೀರು ಹಿಡಿದು ಪೈಪಿಗೆ ಹೊಯ್ಯುತ್ತ ನಿಂತಿದ್ದರು. ನಮ್ಮದನ್ನು ಒಳಗಡೆಯೇ ಸಿಂಕಿನ ಪೈಪಿಗೆ ಸೇರಿಸಿದ್ದಾರೆ.

ಇಲ್ಲಿ ಒಂದು ಮಾತು ಒತ್ತಿ ಹೇಳಬೇಕು, ಏಕೆಂದರೆ ಇದನ್ನು ಯಾರೂ ಹೇಳಿಕೊಡುವುದಿಲ್ಲ. ಹಿಂದಿರುಗುವ ನೀರು ಸುಮಾರು 55 ಡಿಗ್ರಿಗಿಂತ ತಣ್ಣಗಿದ್ದರೆ ಮಾತ್ರ ಆ ಹಬೆ ಹನಿಯಾಗುತ್ತದೆ. ಬಾಯ್ಲರಿನಿಂದ ಹೊರಡುವ ನೀರನ್ನೇ 75, 80 ಡಿಗ್ರಿಗೆ ಇಟ್ಟರೆ ಹಿಂದಿರುಗುವುದೂ ಬಿಸಿಯೇ. ಕಂಡೆನ್ಸಿಂಗ್ ಎಂಬ ಹೆಸರಷ್ಟೇ ಉಳಿಯುತ್ತದೆ. ಎಷ್ಟೋ ಮನೆಗಳಲ್ಲಿ ಹಾಕಿದ ದಿನ ಹೇಗಿತ್ತೋ ಹಾಗೆಯೇ ಬಿಟ್ಟಿರುತ್ತಾರೆ. ಸಿಲಿಂಡರ್ ಇದ್ದ ಮನೆಗೆ ಆ ಬಿಸಿ ಬೇಕಿತ್ತು, ನಿಜ. ಕೂಡಿಟ್ಟ ನೀರಿನಲ್ಲಿ ಲೀಜನೆಲ್ಲಾ ಬ್ಯಾಕ್ಟೀರಿಯಾ ಬೆಳೆಯದಿರಲು ಅದನ್ನು 60 ಡಿಗ್ರಿಗೆ ಕಾಯಿಸಿಡಬೇಕು. ಕಾಂಬಿಯಲ್ಲಿ ಕೂಡಿಟ್ಟ ನೀರೇ ಇಲ್ಲ. ನಲ್ಲಿಯ ಬಿಸಿಗೆ ಒಂದು ಗುಂಡಿ, ರೇಡಿಯೇಟರಿಗೆ ಇನ್ನೊಂದು. ಹಂಡೆ ಹೋದದ್ದರಿಂದ ಬಂದ ದೊಡ್ಡ ಲಾಭ ಎಂದರೆ ನನ್ನ ಲೆಕ್ಕದಲ್ಲಿ ಇದೇ, ಉಳಿದ ಜಾಗವಲ್ಲ.

ಇನ್ನೂ ಒಂದಿದೆ. ಚಳಿಗಾಲದಲ್ಲಿ ಇಲ್ಲಿ ನಲ್ಲಿಗೆ ಬರುವ ನೀರು ಐದಾರು ಡಿಗ್ರಿ. ನಿಮಿಷಕ್ಕೆ 10 ಲೀಟರಿನಂತೆ ಅದನ್ನು ಮೀಯುವಷ್ಟು ಬಿಸಿ ಮಾಡಲು ಸುಮಾರು 24 ಕಿಲೋವ್ಯಾಟ್ ಬೇಕು. ನಡುಸಾಲಿನ ಸಣ್ಣ ಮನೆಯನ್ನು ಕೊರೆವ ಚಳಿಯಲ್ಲೂ ಬೆಚ್ಚಗಿಡಲು ಆರೇಳು ಸಾಕು. ಅಂದರೆ ಈ ಯಂತ್ರದ ಗಾತ್ರವೆಲ್ಲ ಹತ್ತು ನಿಮಿಷದ ಸ್ನಾನಕ್ಕಾಗಿ. ಉಳಿದ ದಿನವಿಡೀ ಅದು ಮೆಲ್ಲಗೆ, ಸಣ್ಣ ಉರಿಯಲ್ಲಿ ನಡೆಯಬೇಕು. ನಾನು ರೇಡಿಯೇಟರಿನ ಗುಂಡಿಯನ್ನು 50ಕ್ಕೆ ಇಟ್ಟಿದ್ದೇನೆ. ರೇಡಿಯೇಟರ್ ಮುಟ್ಟಿದರೆ ಸುಡುವುದಿಲ್ಲ, ಅಂಗೈ ಇಟ್ಟುಕೊಂಡೇ ಇರಬಹುದು. ಮನೆ ಬಿಸಿಯಾಗಲು ಹೊತ್ತು ಹಿಡಿಯುತ್ತದೆ, ಆದರೆ ಆದ ಮೇಲೆ ಕಾವು ಎಲ್ಲ ಕೋಣೆಗಳಲ್ಲೂ ಸಮನಾಗಿ ನಿಲ್ಲುತ್ತದೆ. ಪಕ್ಕದ ಅಜ್ಜಿಯ ಮನೆಯಲ್ಲೂ ಕಾಂಬಿ ಇದೆ, ಅದು 78ರಲ್ಲಿತ್ತು. ಅವರು ಒಪ್ಪಿದ ಮೇಲೆ ಇಳಿಸಿಕೊಟ್ಟೆ. ಬಟ್ಟೆ ಹರಡಿದರೆ ಒಣಗುವುದು ನಿಧಾನವಾಯಿತು ಎಂದರು. ರಾತ್ರಿ ಗಂಟಲು ಒಣಗಿ ಎಚ್ಚರವಾಗುವುದು ನಿಂತಿತು ಎಂದೂ ಅಂದರು.

ಕಳೆದುಕೊಂಡದ್ದೂ ಇದೆ. ಸಿಲಿಂಡರಿನ ಹೊಟ್ಟೆಯಲ್ಲಿ ವಿದ್ಯುತ್ತಿನ ಇಮ್ಮರ್ಶನ್ ಹೀಟರ್ ಇತ್ತು. ಬಾಯ್ಲರ್ ಕೈಕೊಟ್ಟ ದಿನ ಆ ಸ್ವಿಚ್ ಒತ್ತಿದರೆ ಮಕ್ಕಳ ಸ್ನಾನಕ್ಕೆ ತೊಂದರೆಯಿರಲಿಲ್ಲ. ಈಗ ಒಂದು ಯಂತ್ರ ನಿಂತರೆ ಎಲ್ಲವೂ ನಿಂತ ಹಾಗೆ. ಮೇಲೆ ಯಾರಾದರೂ ಮೀಯುತ್ತಿರುವಾಗ ಕೆಳಗೆ ಪಾತ್ರೆ ತೊಳೆಯುವ ಬಿಸಿನೀರು ತಿರುಗಿಸುವಂತಿಲ್ಲ. ಆದರೆ ಅಟ್ಟದ ತೊಟ್ಟಿಯಿಂದ ಇಳಿಯುತ್ತಿದ್ದ ಸೊರಗಿದ ನೀರಿನ ಬದಲು ಮುಖ್ಯ ಪೈಪಿನ ಒತ್ತಡದಲ್ಲಿ ಬರುವ ಈಗಿನ ಶವರ್ ಬೆನ್ನಿಗೆ ಬೀಳುವಾಗ ದೂರಲು ಮನಸ್ಸಾಗುವುದಿಲ್ಲ. ನಮ್ಮ ಕಡೆಯ ನೀರು ಮೆದು, ಒಳಗೆ ಸುಣ್ಣ ಕಟ್ಟುವ ಕಾಟವೂ ಕಡಿಮೆ. ಲಂಡನ್ನಿನ ಗೆಳತಿಯರಿಗೆ ಈ ಭಾಗ್ಯವಿಲ್ಲ.

“ಹಂಡೆ ತೆಗೆಸಿಬಿಟ್ಯಾ? ಹಾಗಾದ್ರೆ ಹಿಟ್ಟು ಎಲ್ಲಿಡ್ತೀಯೇ?” ಫೋನಿನಲ್ಲಿ ಅಮ್ಮ ಕೇಳಿದ ಮೊದಲ ಪ್ರಶ್ನೆ.

“ಓವನ್ನಿನೊಳಗೆ, ಬರೀ ದೀಪ ಹಾಕಿ ಇಡ್ತೀನಮ್ಮ. ಬರ್ತದೆ.”

“ಬರ್ತದೆ, ಬರ್ತದೆ. ಆದ್ರೆ ಅಲ್ಲಿಯ ಹಾಗೆ ಬರೋದಿಲ್ಲ.”

ನಿಜ, ಅಲ್ಲಿಯ ಹಾಗೆ ಬರುವುದಿಲ್ಲ. ದೀಪದ ಕಾವು ಮೇಲಿನಿಂದ, ಹಂಡೆಯದು ಸುತ್ತಲಿನಿಂದ.

ಬ್ರಿಟನ್ನಿನಲ್ಲಿ ಗ್ಯಾಸಿನ ಕಾಲ ನಿಧಾನವಾಗಿ ಮುಗಿಯುತ್ತಿದೆ. ಹೊರಗಿನ ಗಾಳಿಯಿಂದ ಕಾವು ಹೀರುವ ಹೀಟ್ ಪಂಪಿಗೆ ಸರ್ಕಾರ 2023ರ ಅಕ್ಟೋಬರಿನಿಂದ 7,500 ಪೌಂಡ್ ಸಹಾಯಧನ ಕೊಡುತ್ತಿದೆ. ನಮ್ಮ ಇಕ್ಕಟ್ಟಾದ ಹಿತ್ತಿಲು, ಕೈಲಿದ್ದ ಹಣ, ಎದುರಿಗೆ ನಿಂತ ಚಳಿಗಾಲ ಎಲ್ಲ ನೋಡಿ ಈ ಸಲ ಕಾಂಬಿಯೇ ಎಂದೆವು. ಆದರೆ ಮುಂದಿನ ಸಲ ಹೀಟ್ ಪಂಪೇ ಬರುತ್ತದೆ, ಬರಲಿ. ಹೀಟ್ ಪಂಪು ನಲ್ಲಿ ತಿರುಗಿಸಿದೊಡನೆ ನೀರು ಕಾಯಿಸಲಾರದು. ಅದಕ್ಕೆ ಮತ್ತೆ ದೊಡ್ಡ ಸಿಲಿಂಡರ್ ಬೇಕು, 50 ಡಿಗ್ರಿಯೊಳಗೇ ಮನೆ ಬೆಚ್ಚಗಿಡುವ ರೇಡಿಯೇಟರುಗಳೂ ಬೇಕು. ಅದಕ್ಕೇ, ಖಾಲಿಯಾದ ಕಪಾಟಿಗೆ ಕೆಳಗಿನಿಂದ ಮೇಲಿನವರೆಗೂ ಹಲಗೆ ಹೊಡೆಸೋಣ ಎಂದು ನಮ್ಮ ಮನೆಯವರು ಹೇಳಿದಾಗ ನಾನು ಬೇಡವೆಂದೆ. ಇಂಜಿನಿಯರಿಗೂ ಹಾಗೆಯೇ ಹೇಳಿದೆ. ನಲ್ಲಿನೀರಿನ ಪೈಪನ್ನು ಅಲ್ಲಿ ಮೊಂಡಾಗಿ ಬಿಟ್ಟರೆ ನೀರು ನಿಂತು ಕೆಡುತ್ತದೆ ಎಂದು ಅವರು ಅದನ್ನು ಬುಡದವರೆಗೂ ತೆಗೆದರು. ರೇಡಿಯೇಟರಿನ ಸುತ್ತಿಗೆ ಸೇರಿದ ಎರಡು ಪೈಪುಗಳನ್ನು ಮಾತ್ರ ನೆಲದಿಂದ ಗೇಣುದ್ದ ಉಳಿಸಿ, ತುದಿಗೆ ಹಿತ್ತಾಳೆಯ ಮುಚ್ಚಳ ಬಿಗಿದು, ಯಾವುದು ಹೋಗುವುದು ಯಾವುದು ಬರುವುದು ಎಂದು ಮಾರ್ಕರಿನಲ್ಲಿ ಗೋಡೆಯ ಮೇಲೆ ಬರೆದಿಟ್ಟು ಹೋದರು.