ಒಂದು ಪ್ಯಾಕೆಟ್ ಸಾಸೇಜ್, ನಾಲ್ಕು ಬುಧವಾರ

ನೇಪರ್‌ವಿಲ್, ಇಲಿನಾಯ್
ಜುಲೈ ತಿಂಗಳು

ಪ್ರೀತಿಯ ತಂಗಿಗೆ,

ರಜೆಯಲ್ಲಿ ಮಕ್ಕಳು ಮನೆಯಲ್ಲೇ ಇದ್ದರೆ ಇಲ್ಲಿಯ ತಾಯಂದಿರು ಮಧ್ಯಾಹ್ನಕ್ಕೆ ಏನು ಮಾಡಿ ಹಾಕುತ್ತಾರೆ ಎಂದು ಫೋನಿನಲ್ಲಿ ಕೇಳಿದ್ದೆಯಲ್ಲ, ಅದಕ್ಕೆ ಉತ್ತರ ಇದು. ಶಿಕಾಗೊದ ಪಶ್ಚಿಮಕ್ಕಿರುವ ಈ ಊರಿನಲ್ಲಿ ಬೇಸಿಗೆ ರಜೆ ಎರಡು ತಿಂಗಳಿಗೂ ಹೆಚ್ಚು. ಅಧ್ಯಕ್ಷ ಟ್ರೂಮನ್ 1946ರಲ್ಲಿ ಸಹಿ ಹಾಕಿದ ಕಾಯ್ದೆಯ ದೆಸೆಯಿಂದ ಈ ದೇಶದ ಮಕ್ಕಳಿಗೆ ಶಾಲೆಯಲ್ಲೇ ಕಡಿಮೆ ಬೆಲೆಗೆ ಊಟ ಸಿಗುತ್ತದೆ, ಬಡ ಮನೆಯ ಮಕ್ಕಳಿಗೆ ಪುಕ್ಕಟೆಯಾಗಿ. ಶಾಲೆ ಮುಚ್ಚಿದ ಮೇಲೆ ಕೆಲವೆಡೆ ಬೇಸಿಗೆ ಊಟದ ಕೇಂದ್ರಗಳು ನಡೆಯುತ್ತವೆ. ಉಳಿದಂತೆ ಆ ಹೊರೆಯೆಲ್ಲ ಮನೆಯವರ ಮೇಲೆಯೇ.

ಇಲ್ಲಿ ನನ್ನ ಮಗಳ ಮನೆಯ ಪಕ್ಕದ ಮನೆಯಲ್ಲಿ ಮೂರು ಮಕ್ಕಳಿದ್ದಾರೆ. ದೊಡ್ಡವನಿಗೆ ಹನ್ನೊಂದು, ನಡುವಿನವಳಿಗೆ ಎಂಟು, ಕಿರಿಯವನಿಗೆ ಮೂರು ವರ್ಷ. ಅವರ ತಾಯಿ ಮನೆಯಿಂದಲೇ ಆಫೀಸಿನ ಕೆಲಸ ಮಾಡುವವಳು; ಅಡುಗೆಗೆ ಸಿಗುವುದು ಅರ್ಧ ಗಂಟೆ. ಬುಧವಾರ ಆ ಮನೆಯಲ್ಲಿ ಹಾಟ್ ಡಾಗ್ ದಿನ, ಅಂದರೆ ಅರೆದ ಮಾಂಸದ ಉದ್ದನೆಯ ಸಾಸೇಜಿನ ದಿನ. ಸಾಸೇಜಿನ ಪ್ಯಾಕೆಟ್‌ನಲ್ಲಿ ಸಾಮಾನ್ಯವಾಗಿ ಹತ್ತು ಇರುತ್ತವೆ, ಬನ್ನಿನ ಪ್ಯಾಕೆಟ್‌ನಲ್ಲಿ ಎಂಟು. ಎರಡೂ ಸರಿಹೋಗಬೇಕಾದರೆ ನಾಲ್ಕು ಪ್ಯಾಕೆಟ್ ಸಾಸೇಜ್, ಐದು ಪ್ಯಾಕೆಟ್ ಬನ್ ತರಬೇಕು ಎಂದು ಇಲ್ಲಿಯವರು ನಗುತ್ತಾರೆ. ಈ ತಾಯಿಯ ಲೆಕ್ಕವೇ ಬೇರೆ. ಮೊದಲ ಬುಧವಾರ ಬನ್ನಿನೊಳಗೆ ಮೂರು, ಎರಡನೆಯ ವಾರ ಸ್ಪಗೆಟ್ಟಿ ಎಂಬ ಶಾವಿಗೆಯಲ್ಲಿ ಎರಡು, ಮೂರನೆಯ ವಾರ ಟೊಮ್ಯಾಟೊ ಗೊಜ್ಜಿನಲ್ಲಿ ಬೆಂದ ಬೀನ್ಸ್ ಕಾಳಿನ ಜೊತೆ ಎರಡು, ನಾಲ್ಕನೆಯ ವಾರ ಮತ್ತೆ ಬನ್ನಿನಲ್ಲಿ ಮೂರು. ತೆರೆದ ಪ್ಯಾಕೆಟ್ ಫ್ರಿಜ್‌ನಲ್ಲಿ ಒಂದು ವಾರಕ್ಕಿಂತ ಹೆಚ್ಚು ಇರಬಾರದು ಎನ್ನುವುದು ಇಲ್ಲಿಯ ಕೃಷಿ ಇಲಾಖೆಯ ಸೂಚನೆ. ಅದಕ್ಕೇ ಪ್ಯಾಕೆಟ್ ತೆರೆದ ದಿನವೇ ಉಳಿದ ಏಳನ್ನೂ ಬೇರೆ ಬೇರೆ ಚೀಲಗಳಲ್ಲಿ ಕಟ್ಟಿ ಫ್ರೀಜರ್‌ಗೆ ಹಾಕುತ್ತಾಳೆ. ಎರಡು ಬುಧವಾರಕ್ಕೆ ಆರು ಬನ್ ಹೋಗಿ ಮಿಕ್ಕ ಎರಡಕ್ಕೆ ಬೆಣ್ಣೆ, ಬೆಳ್ಳುಳ್ಳಿ ಸವರಿ ಕಾವಲಿಯ ಮೇಲೆ ಗರಿಗರಿ ಮಾಡಿದರೆ ಸ್ಪಗೆಟ್ಟಿಯ ದಿನಕ್ಕೆ ನಂಚಿಕೊಳ್ಳಲು ಆಯಿತು.

ಕಡಿಮೆ ದುಡ್ಡಿನಲ್ಲಿ ಹೊಟ್ಟೆ ತುಂಬಿಸುವುದು ಈ ಊರಿನ ಸೀಮೆಯಲ್ಲಿ ಹಳೆಯ ಪಾಠ. ಸ್ವಾಮಿ ವಿವೇಕಾನಂದರು ಶಿಕಾಗೊಗೆ ಬಂದ 1893ರಲ್ಲಿ ಅಲ್ಲಿ ದೊಡ್ಡ ವಿಶ್ವಮೇಳ ನಡೆಯಿತಲ್ಲ, ಅದೇ ಮೇಳದಲ್ಲಿ ಆಸ್ಟ್ರಿಯಾ-ಹಂಗೆರಿಯಿಂದ ವಲಸೆ ಬಂದಿದ್ದ ಎಮಿಲ್ ರೈಖೆಲ್ ಮತ್ತು ಸ್ಯಾಮ್ಯುಯೆಲ್ ಲಡಾನಿ ಸಾಸೇಜ್ ಮಾರಿದರು. ವಿಯೆನ್ನಾ ಬೀಫ್ ಎಂಬ ಸಾಸೇಜ್ ಕಂಪನಿ ಬೆಳೆದದ್ದು ಅಲ್ಲಿಂದ. 1929ರ ನಂತರ ಆರ್ಥಿಕ ಕುಸಿತದಲ್ಲಿ ಕೆಲಸ ಕಳೆದುಕೊಂಡ ಜನರಿಗೆ ಶಿಕಾಗೊದ ತಳ್ಳುಗಾಡಿಗಳಲ್ಲಿ ಐದು ಸೆಂಟಿಗೆ ಒಂದು ಹಾಟ್ ಡಾಗ್ ಸಿಗುತ್ತಿತ್ತು. ಸಾಸೇಜ್ ಒಂದೇ, ಅದರ ಮೇಲೆ ತರಕಾರಿಯ ರಾಶಿ. ಇವತ್ತಿಗೂ ಶಿಕಾಗೊ ಹಾಟ್ ಡಾಗ್ ಎಂದರೆ ಗಸಗಸೆ ಉದುರಿಸಿದ ಬನ್, ಹಳದಿ ಸಾಸಿವೆ ಸಾಸ್, ಹೆಚ್ಚಿದ ಈರುಳ್ಳಿ, ಟೊಮ್ಯಾಟೊ ಹೋಳು, ಸಿಹಿ-ಹುಳಿಯ ಹಸಿರು ರೆಲಿಶ್, ಉಪ್ಪಿನಲ್ಲಿ ಹಾಕಿದ ಸೌತೆಯ ಸೀಳು, ವಿನಿಗರ್‌ನಲ್ಲಿ ನೆನೆಸಿದ ಪುಟ್ಟ ಹಸಿಮೆಣಸಿನಕಾಯಿ, ಕೊನೆಗೆ ಸೆಲರಿ ಉಪ್ಪು. ಕೆಚಪ್ ಮಾತ್ರ ಸೇರಿಸುವ ಹಾಗಿಲ್ಲ. ಸಾಸೇಜ್ ತಯಾರಕರ ರಾಷ್ಟ್ರೀಯ ಮಂಡಳಿ ಹೊರಡಿಸಿರುವ ಶಿಷ್ಟಾಚಾರದ ಪಟ್ಟಿಯಲ್ಲೂ 18 ದಾಟಿದವರಿಗೆ ಕೆಚಪ್ ಬೇಡ ಎಂದಿದೆ. ಮಕ್ಕಳಿಗೆ ವಿನಾಯಿತಿ.

ಪಕ್ಕದ ಮನೆಯಾಕೆ ನೆಚ್ಚಿಕೊಂಡಿರುವುದೂ ತರಕಾರಿಯ ಆ ರಾಶಿಯನ್ನೇ. ಒಂದು ಸಾಸೇಜಿನಲ್ಲಿ ಹೆಚ್ಚುಕಡಿಮೆ 400ರಿಂದ 500 ಮಿಲಿಗ್ರಾಂ ಸೋಡಿಯಂ ಇರುತ್ತದೆ. ದಿನಕ್ಕೆ 50 ಗ್ರಾಂ ಸಂಸ್ಕರಿಸಿದ ಮಾಂಸ ತಿನ್ನುತ್ತಾ ಹೋದರೆ ದೊಡ್ಡ ಕರುಳಿನ ಕ್ಯಾನ್ಸರ್ ಅಪಾಯ ಶೇ 18ರಷ್ಟು ಏರುತ್ತದೆ ಎಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಅಂಗ 2015ರಲ್ಲಿ ಹೇಳಿತು. ಆದ್ದರಿಂದ ಆ ಮನೆಯಲ್ಲಿ ವಾರಕ್ಕೆ ಒಂದೇ ದಿನ, ತಲೆಗೆ ಒಂದಕ್ಕಿಂತ ಹೆಚ್ಚಿಲ್ಲ. ತಟ್ಟೆಯ ಅರ್ಧ ಭಾಗ ಸೌತೆ, ಕ್ಯಾರೆಟ್, ಬೆಂದ ಮೆಕ್ಕೆಜೋಳ, ಕಲ್ಲಂಗಡಿಗೆ ಮೀಸಲು.

ಸ್ಪಗೆಟ್ಟಿಯ ದಿನ ಮಕ್ಕಳು ತಾವಾಗಿಯೇ ಅಡುಗೆಮನೆಗೆ ಬರುತ್ತಾರೆ. ತಾಯಿ ಸಾಸೇಜನ್ನು ಬೆರಳಿನ ಅಗಲಕ್ಕೆ ತುಂಡು ಮಾಡಿಕೊಡುತ್ತಾಳೆ. ದೊಡ್ಡ ಮಕ್ಕಳಿಬ್ಬರೂ ಒಣ ಸ್ಪಗೆಟ್ಟಿಯ ಎಳೆಗಳನ್ನು ಅರ್ಧಕ್ಕೆ ಮುರಿದು, ಒಂದೊಂದು ತುಂಡಿಗೂ ಐದಾರು ಎಳೆ ಚುಚ್ಚುತ್ತಾರೆ, ಎರಡೂ ಕಡೆ ಮುಳ್ಳು ನಿಲ್ಲುವ ಹಾಗೆ. ಕುದಿಯುವ ನೀರಿಗೆ ಬಿಟ್ಟು ಹತ್ತು ಹನ್ನೆರಡು ನಿಮಿಷ ಬೇಯಿಸಿದರೆ ಎಳೆಗಳು ಮೆತ್ತಗಾಗಿ ಇಳಿಬೀಳುತ್ತವೆ. ತುಂಡಿನ ಒಳಗೆ ಸಿಕ್ಕಿಕೊಂಡ ಭಾಗವೂ ಬೆಂದಿದೆಯೇ ಎಂದು ಒಂದನ್ನು ಕತ್ತರಿಸಿ ನೋಡಿ ಆಮೇಲೆ ನೀರು ಬಸಿಯುತ್ತಾಳೆ. ಎರಡೇ ಸಾಸೇಜಿನಲ್ಲಿ ಮೂರೂ ಮಕ್ಕಳ ಊಟ ಮುಗಿಯುತ್ತದೆ.

ಈ ದುಂಡನೆಯ ತುಂಡುಗಳು ಮೂರು ವರ್ಷದವನ ತಟ್ಟೆಗೆ ಮಾತ್ರ ಹೋಗುವುದಿಲ್ಲ. ಇದನ್ನು ನೀನು ಚೆನ್ನಾಗಿ ನೆನಪಿಡಬೇಕು. ಸಾಸೇಜಿನ ದಪ್ಪ ಸಣ್ಣ ಮಗುವಿನ ಗಂಟಲಿನ ಉಸಿರುದಾರಿಯ ಅಳತೆಗೆ ಹತ್ತಿರ. ಮೆತ್ತಗಿರುವುದರಿಂದ ಗಂಟಲಲ್ಲಿ ಬಿರಡೆಯಂತೆ ಬಿಗಿಯಾಗಿ ಕೂತುಬಿಡುತ್ತದೆ. ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿ 2010ರಲ್ಲಿ ಇದರ ಬಗ್ಗೆಯೇ ಎಚ್ಚರಿಕೆ ಕೊಟ್ಟು, ಸಾಸೇಜಿನ ಆಕಾರವನ್ನೇ ಬದಲಿಸಬೇಕೆಂದು ತಯಾರಕರನ್ನು ಕೇಳಿತ್ತು. ನಾಲ್ಕು ವರ್ಷದೊಳಗಿನವರಿಗೆ ಮೊದಲು ಉದ್ದಕ್ಕೆ ನಾಲ್ಕು ಸೀಳು, ಆಮೇಲೆ ಅಡ್ಡಕ್ಕೆ ಸಣ್ಣ ಚೂರು. ಮಗು ಕೂತೇ ತಿನ್ನಬೇಕು, ಪಕ್ಕದಲ್ಲಿ ದೊಡ್ಡವರೊಬ್ಬರು ಇರಬೇಕು. ಆಕೆ ಫೋನ್ ಕರೆಯನ್ನೂ ಬದಿಗಿಟ್ಟು ಕಿರಿಯವನ ಎದುರೇ ಕೂತಿರುತ್ತಾಳೆ.

ಇನ್ನೊಂದು ಮಾತು. ಸಾಸೇಜ್ ಬೆಂದೇ ಬಂದಿರುತ್ತದೆ, ಹಾಗೆಂದು ಫ್ರಿಜ್‌ನಿಂದ ತೆಗೆದು ಹಾಗೇ ಕೊಡಬಾರದು. ಲಿಸ್ಟೀರಿಯಾ ಎಂಬ ಬ್ಯಾಕ್ಟೀರಿಯಾ ಫ್ರಿಜ್‌ನ ತಂಪಿನಲ್ಲೂ ಬೆಳೆಯುತ್ತದೆ. ಹಬೆಯಾಡುವಷ್ಟು, ಅಂದರೆ 74 ಡಿಗ್ರಿ ಸೆಲ್ಸಿಯಸ್‌ವರೆಗೆ, ಬಿಸಿ ಮಾಡಲೇಬೇಕು. ಬಸುರಿಯರಿಗಂತೂ ಇದು ಕಡ್ಡಾಯ.

ಅಂಗಡಿಯಲ್ಲಿ ತಿಂದರೂ ಹಾಟ್ ಡಾಗ್ ಅಗ್ಗವೇ. ಕಾಸ್ಟ್‌ಕೊ ಎಂಬ ಸಗಟು ಮಳಿಗೆಯಲ್ಲಿ ಹಾಟ್ ಡಾಗ್ ಮತ್ತು ಸೋಡಾ ಸೇರಿ ಒಂದೂವರೆ ಡಾಲರ್, 1985ರಿಂದ ಅದೇ ಬೆಲೆ. ಆದರೆ ಉಪ್ಪು, ಅಳತೆ, ಹೆಚ್ಚುವ ರೀತಿ ನಮ್ಮ ಕೈಯಲ್ಲಿರುವುದು ಮನೆಯಲ್ಲಿ ಮಾತ್ರ.

ನೇಪರ್‌ವಿಲ್, ಅರೋರಾ ಕಡೆಯ ಕನ್ನಡದ ಮನೆಗಳಲ್ಲೂ ಮಕ್ಕಳು ಹಾಟ್ ಡಾಗ್ ಕೇಳುತ್ತಾರೆ. ಕೋಳಿ ತಿನ್ನುವವರು ಕೋಳಿಯದ್ದನ್ನೋ ಟರ್ಕಿ ಕೋಳಿಯದ್ದನ್ನೋ ಲೇಬಲ್ ಓದಿ ತರುತ್ತಾರೆ, ಏಕೆಂದರೆ ಹಲವು ಪ್ಯಾಕೆಟ್‌ಗಳಲ್ಲಿ ದನದ, ಹಂದಿಯ ಮಾಂಸ ಬೆರೆತಿರುತ್ತದೆ. ಮಗಳ ಮನೆಯಲ್ಲಿ ಮಾಂಸವೇ ಇಲ್ಲ, ಅಲ್ಲಿ ಕ್ಯಾರೆಟ್ ಹಾಟ್ ಡಾಗ್. ಬನ್ನಿನ ಉದ್ದದ ಕ್ಯಾರೆಟ್‌ಗಳ ಸಿಪ್ಪೆ ಹೆರೆದು, ಚಾಕು ಸಲೀಸಾಗಿ ಇಳಿಯುವ ತನಕ ಬೇಯಿಸುತ್ತಾಳೆ, ಮುದ್ದೆಯಾಗಬಾರದು. ಸೋಯಾ ಸಾಸ್, ಸ್ವಲ್ಪ ವಿನಿಗರ್, ಜಜ್ಜಿದ ಬೆಳ್ಳುಳ್ಳಿ, ಹೊಗೆಯ ವಾಸನೆಯ ಪ್ಯಾಪ್ರಿಕಾ ಪುಡಿ ಕಲಸಿದ ನೀರಿನಲ್ಲಿ ರಾತ್ರಿಯಿಡೀ ಫ್ರಿಜ್‌ನಲ್ಲಿ ನೆನೆಸಿ, ಮರುದಿನ ಕಾವಲಿಯ ಮೇಲೆ ಎಣ್ಣೆ ಬಿಟ್ಟು ಎಲ್ಲ ಕಡೆ ಕೆಂಪಗೆ ಹುರಿಯುತ್ತಾಳೆ. ಮೇಲೆ ಈರುಳ್ಳಿ, ಟೊಮ್ಯಾಟೊ, ಸಾಸಿವೆ ಸಾಸ್. ಮೊಮ್ಮಗಳು ಎರಡನೆಯದನ್ನು ಕೇಳಿ ಹಾಕಿಸಿಕೊಳ್ಳುತ್ತಾಳೆ.

ನೀನು ಮೊದಲು ಕ್ಯಾರೆಟ್‌ನದ್ದನ್ನೇ ಮಾಡಿ ನೋಡು. ಪ್ಯಾಪ್ರಿಕಾ ಸಿಗದಿದ್ದರೆ ಬ್ಯಾಡಗಿ ಮೆಣಸಿನ ಪುಡಿ ಚಿಟಿಕೆ ಹಾಕು, ಹೊಗೆಯ ವಾಸನೆ ಬರದಿದ್ದರೂ ಬಣ್ಣ ಬರುತ್ತದೆ. ಸೋಯಾ ಸಾಸಿನಲ್ಲೇ ಉಪ್ಪಿರುವುದರಿಂದ ಬೇರೆ ಉಪ್ಪು ಬೇಡ. ನಿಮ್ಮ ಬೇಕರಿಯಲ್ಲಿ ಉದ್ದನೆಯ ಬನ್ ಇಲ್ಲದಿದ್ದರೆ ದುಂಡು ಬನ್ನಿಗೇ ಕ್ಯಾರೆಟ್ ಅರ್ಧ ಮಾಡಿ ಇಡಬಹುದು. ಮಕ್ಕಳು ಏನೆಂದರು ಎನ್ನುವುದನ್ನು ಮರೆಯದೆ ಬರೆ.

ಇಂತಿ,
ನಿನ್ನ ಅಕ್ಕ